ಎಂಬತ್ತರ ಬಾಟಲಿ

ಬಾಟಲಿಯ ಮೇಲಿನ ಅಂಕಿಯನ್ನು ನರ್ಸ್ ಸರೋಜ ಸರಿಯಾಗಿ ನೋಡಿದ್ದು ಎಲ್ಲ ಮುಗಿದ ಮೇಲೆ, ಅದನ್ನು ಒದ್ದೆ ಮರಳಿನ ಮಡಕೆಯಲ್ಲಿ ತಂಪಿಗೆ ಇಡುವಾಗ. ಎಂಬತ್ತು! ಸಕ್ಕರೆ ಕಾಯಿಲೆಯ ಗುತ್ಯಪ್ಪನಿಗೆ ಒಂದು ವರ್ಷದಿಂದ ಚುಚ್ಚುತ್ತಿದ್ದ ಇನ್ಸುಲಿನ್ ನಲವತ್ತರದು. ನಿನ್ನೆ ಶಿವಮೊಗ್ಗದ ಬಸ್ಸಿನಲ್ಲಿ ಬಂದ ಈ ಹೊಸ ಬಾಟಲಿಯ ಮದ್ದು ಅದರ ಎರಡರಷ್ಟು ತೀಕ್ಷ್ಣ. ಸಿರಿಂಜಿನಲ್ಲಿ ಐದು ಗೆರೆಯಷ್ಟು ಮದ್ದು ಎಳೆಯಬೇಕಾದಲ್ಲಿ ಅವಳ ಕೈ ರೂಢಿಯಂತೆ ಹತ್ತು ಗೆರೆ ಎಳೆದುಬಿಟ್ಟಿತ್ತು. ಮದ್ದು ಹೆಚ್ಚಾದರೆ ರಕ್ತದ ಸಕ್ಕರೆ ಇಳಿದು ಜೀವಕ್ಕೇ ಅಪಾಯ. ಗುತ್ಯಪ್ಪ "ಬರ್ತೀನ್ರಮ್ಮಾ" ಎಂದು ಹೊರಟು ಗಂಟೆಯ ಮೇಲಾಗಿತ್ತು.

ಡಾಕ್ಟರು ಹೊಸನಗರಕ್ಕೆ ಹೋಗಿದ್ದರು. ಗ್ಲೂಕೋಸಿನ ಬೀರುವಿನ ಬೀಗದಕೈಯೂ ಅವರ ಜೇಬಿನಲ್ಲೇ ಹೋಗಿತ್ತು. ಸರೋಜ ಆಯಾ ಹೂವಮ್ಮನ ಟೀ ಡಬ್ಬಿಗೆ ಕೈಹಾಕಿ, ಸಿಕ್ಕಿದ ಬೆಲ್ಲದುಂಡೆ ಎತ್ತಿಕೊಂಡು ಗದ್ದೆಯ ಅಂಚಿನ ಮೇಲೆ ಗುತ್ಯಪ್ಪನ ಮನೆಯತ್ತ ಓಡಿದಳು. ಬೆಲ್ಲ ಅಂದರೆ ವಿಷ ಎಂದು ಆ ಮುದುಕನಿಗೆ ನೂರು ಸಲ ಹೇಳಿದವಳು ಅವಳೇ.

ಬರೀ ಹೇಳಿದ್ದಾಗಿದ್ದರೆ ಪರವಾಗಿರಲಿಲ್ಲ. ಗುತ್ಯಪ್ಪ ಡಾಕ್ಟರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ ಆಸಾಮಿ. ಆಲೆಮನೆಯ ವಾಸನೆ ಮೂಗಿಗೆ ಬಡಿದರೆ ಹೊಳೆ ದಾಟಿಯಾದರೂ ಹೋಗುತ್ತಿದ್ದವನು. ಆದರೆ ಅವನ ಊರು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗುವಾಗ, ಕಂಬ ಬಾಗಿಲುಗಳನ್ನೆಲ್ಲ ಬಿಟ್ಟು ಅವನು ಹೊತ್ತು ತಂದದ್ದು ಮನೆದೇವರು ಚೌಡಿಯ ಕಲ್ಲನ್ನು. ಇದನ್ನು ತಿಳಿದ ಸರೋಜ ಒಂದು ದಿನ ಅವನ ಮನೆಗೇ ಹೋಗಿ, ಆ ಕಲ್ಲಿನ ಮುಂದೆ ನಿಲ್ಲಿಸಿ, ಇನ್ನು ಸಿಹಿ ಮುಟ್ಟುವುದಿಲ್ಲ ಎಂದು ಆಣೆ ಹಾಕಿಸಿದ್ದಳು. ಮೊಮ್ಮಗಳ ಮದುವೆಯಲ್ಲಿ ಕೂಡ ಅವನು ಹೋಳಿಗೆಯ ಎಲೆಯ ಮುಂದಿನಿಂದ ಎದ್ದುಹೋದ. ತನ್ನ ಜಾಣತನಕ್ಕೆ ಸರೋಜ ಆಗ ತಾನೇ ಬೆನ್ನು ತಟ್ಟಿಕೊಂಡಿದ್ದಳು.

ಗುತ್ಯಪ್ಪ ಜಗಲಿಯ ಗೋಡೆಗೆ ಒರಗಿ ಕೂತಿದ್ದ. ಅಂಗಿ ಬೆವರಿನಿಂದ ತೊಯ್ದಿತ್ತು, ಕೈ ನಡುಗುತ್ತಿತ್ತು. ಹೆಂಡತಿ ದುಗ್ಗಮ್ಮ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

"ಗಂಜಿ ಬಾಯಿಗೇ ಹಾಕ್ಲಿಲ್ಲ ನರ್ಸಮ್ಮ. ಎಂತ ಕೇಳಿದ್ರೂ ತೊದಲ್ತಾರೆ. ಬರೋ ದಾರೀಲಿ ಗಾಳಿ ಸೋಕ್ತೋ ಏನೋ."

ಸರೋಜ ಬೆಲ್ಲ ಮುರಿದು ಅವನ ತುಟಿಗೆ ಹಿಡಿದಳು. ಮುದುಕ ಹಲ್ಲು ಕಚ್ಚಿ ಮುಖ ತಿರುಗಿಸಿದ.

"ಬ್ಯಾಡ... ಆಣೆ ಐತೆ. ನೀವೇ ಹಾಕ್ಸಿದ್ದು. ನನ್ನ ಪರೀಕ್ಷೆ ಮಾಡಾಕೆ ಬಂದ್ರಾ?"

ದುಗ್ಗಮ್ಮನೂ ಅವಳ ಕೈ ಹಿಡಿದುಕೊಂಡಳು. "ಚೌಡಿ ಸುಮ್ನೆ ಬಿಡಲ್ಲಮ್ಮಾ. ಮೊಮ್ಮಕ್ಳು ಮರಿ ಇರೋ ಮನೆ."

ಇದು ಬೆಲ್ಲವಲ್ಲ, ಔಷಧಿ ಎಂಬ ಸುಳ್ಳು ಸರೋಜಳ ನಾಲಿಗೆಯ ತುದಿಗೆ ಬಂತು. ಹಾಗೆಂದರೆ ಸಾಕಿತ್ತು. ಮುದುಕ ನುಂಗುತ್ತಿದ್ದ, ಅವಳ ಕೆಲಸ ಉಳಿಯುತ್ತಿತ್ತು, ಬಾಟಲಿಯ ವಿಷಯ ಬಾಟಲಿಯಲ್ಲೇ ಇರುತ್ತಿತ್ತು. ಅಂಗಳದ ಮೂಲೆಯಲ್ಲಿ ಕುಂಕುಮ ಬಳಿದ ಕಲ್ಲು ಕಂಡಿತು. ಅವಳಿಗೆ ನಾಚಿಕೆಯಾಯಿತು.

"ದುಗ್ಗಮ್ಮಾ, ಗಾಳಿಯಲ್ಲ, ಎಂಥದೂ ಅಲ್ಲ. ತಪ್ಪು ನಂದು. ಬಾಟಲಿ ನೋಡ್ದೆ ಎರಡರಷ್ಟು ಮದ್ದು ಚುಚ್ಚಿದೀನಿ. ಈಗ ಸಿಹಿ ಒಳಗೆ ಹೋಗ್ಲಿಲ್ಲ ಅಂದ್ರೆ ಇವರು ಉಳಿಯಲ್ಲ."

ಎದ್ದುಹೋಗಿ ಕೈಗಡಿಯಾರ ಬಿಚ್ಚಿ ಕಲ್ಲಿನ ಬುಡದಲ್ಲಿಟ್ಟಳು. ರೋಗಿಗಳ ನಾಡಿ ಹಿಡಿಯಲೆಂದು ಅಪ್ಪ ತೆಗೆಸಿಕೊಟ್ಟ ಗಡಿಯಾರ ಅದು. "ಆಣೆ ಮುರೀತಿರೋದು ನಾನು. ಇದು ನನ್ನ ತಪ್ಪುಕಾಣಿಕೆ. ಈ ಮನೆಯವರ ಮೇಲೆ ಏನೂ ಇಲ್ಲ" ಎಂದು ಗಟ್ಟಿಯಾಗಿ ಹೇಳಿದಳು.

ದುಗ್ಗಮ್ಮ ಬೈಯಲಿಲ್ಲ. ಬೆಲ್ಲ ಕಿತ್ತುಕೊಂಡು ತಂಬಿಗೆಯ ನೀರಿನಲ್ಲಿ ಕದಡಿ, ಗಂಡನ ಕಿವಿಯ ಹತ್ತಿರ ಬಾಗಿ, "ಚೌಡಿಗೆ ಹೇಳ್ಯಾತು, ಕುಡೀರಿ" ಎಂದಳು. ಗುತ್ಯಪ್ಪ ಬಾಯಿ ತೆರೆದ. ಗುಟುಕು ಗುಟುಕಾಗಿ ಇಳಿಯಿತು. ಮಧ್ಯಾಹ್ನ ಅವನು ಎದ್ದು ಕೂತು ಗಂಜಿ ಉಂಡು ಮುಗಿಸುವ ತನಕ ಸರೋಜ ಜಗಲಿ ಬಿಟ್ಟು ಕದಲಲಿಲ್ಲ.

ಸಂಜೆ ಡಾಕ್ಟರಿಗೂ ಹೇಳಿದಳು. "ಮೇಲಿನವರಿಗೆ ಬರೀಲೇಬೇಕಾಗುತ್ತೆ" ಎಂದರು ಅವರು. ಬರೆಯಿರಿ ಎಂದಳು.

ಬೆಳಗಾಗುವುದರಲ್ಲಿ ಸುದ್ದಿ ಊರೆಲ್ಲ ಸುತ್ತಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ಸರೋಜಳನ್ನು ಕಂಡು ಮಾತು ನಿಲ್ಲಿಸಿದರು. ಗುತ್ಯಪ್ಪ ಮಾತ್ರ ದಿನದಂತೆ ಬಂದು ಅಂಗಿತೋಳು ಮೇಲೆ ಮಾಡಿ ಅವಳ ಮುಂದೆಯೇ ನಿಂತ.

"ಡಾಕ್ಟ್ರ ಕೈಲಿ ಹಾಕಿಸ್ಕೊಳ್ಳಿ ಗುತ್ಯಪ್ಪನೋರೆ" ಎಂದಳು ಸರೋಜ. ತಲೆ ಎತ್ತಲಾಗಲಿಲ್ಲ.

"ಅವರು ತಪ್ಪು ಮಾಡಿದ್ರೆ ಓಡಿಬಂದು ಹೇಳ್ತಾರೋ ಬಿಡ್ತಾರೋ, ನಂಗೇನು ಗೊತ್ತು? ನೀವೇ ಹಾಕಿ."

ಕುದಿಸಿದ ಸಿರಿಂಜನ್ನು ಎತ್ತಿಕೊಂಡಳು. ಗಡಿಯಾರವಿಲ್ಲದ ಮಣಿಕಟ್ಟಿನ ಮೇಲೆ ಪಟ್ಟಿಯ ಬಿಳಿ ಗುರುತು ಎದ್ದು ಕಾಣುತ್ತಿತ್ತು. ಬಾಟಲಿಗೆ ಸೂಜಿ ಇಳಿಸುವಷ್ಟರಲ್ಲಿ ಗುತ್ಯಪ್ಪ ಕೈ ಅಡ್ಡ ಹಿಡಿದ.

"ನಂಗೆ ಓದಾಕೆ ಬರಲ್ಲ. ನೀವು ಗಟ್ಟಿಯಾಗಿ ಓದಿ, ನಾನು ಕೇಳ್ತೀನಿ."

ಸರೋಜ ಬಾಟಲಿಯನ್ನು ಬೆಳಕಿಗೆ ಹಿಡಿದಳು. "ಎಂಬತ್ತು" ಎಂದು ಓದಿದಳು. "ಐದು ಗೆರೆ."

"ಇನ್ನೊಂದ್ಸಲ" ಎಂದ ಗುತ್ಯಪ್ಪ.