ಒಂದೂಕಾಲು ಮಿಲಿಮೀಟರ್

ಅಂಕದ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: "ಟಾಪಿನ ಆಕಾರ ತಪ್ಪು. ಬಹುಮಾನಕ್ಕೆ ಪರಿಗಣಿಸಿಲ್ಲ." ಟ್ರಾವಿಸ್ ಕೊವಾಚ್ ಅದನ್ನು ಎರಡು ಸಲ ಓದಿದ. ಆಮೇಲೆ ಮುದುರಿ ಮುಷ್ಟಿಯೊಳಗೆ ಹಿಡಿದು, ಮಾಡೆಲ್ ಕಾರು ಕ್ಲಬ್ಬಿನ ಸ್ಪರ್ಧೆ ನಡೆದಿದ್ದ ಟೊಲೀಡೊದ ಆ ಚರ್ಚ್ ಹಾಲಿನಲ್ಲಿ ಡೋನಟ್ ತಿನ್ನುತ್ತ ನಿಂತವರನ್ನು ಭುಜದಲ್ಲೇ ಸರಿಸಿಕೊಂಡು ಹೋಗಿ ತೀರ್ಪುಗಾರ ವೆಂಡೆಲ್ ಆಷ್‌ಬಿಯ ಎದುರು ನಿಂತ.

"ಏನು ತಪ್ಪು ಸಾರ್?"

ಆಷ್‌ಬಿ ಹಲ್ಲಿನ ಡಾಕ್ಟರು ಬಳಸುವಂಥ ಪುಟ್ಟ ಕನ್ನಡಿ ಹಿಡಿದು ಯಾರದೋ ಮಾಡೆಲ್ ಕಾರಿನ ಹೊಟ್ಟೆ ನೋಡುತ್ತಿದ್ದ. ತಲೆ ಎತ್ತಲಿಲ್ಲ. "ಬರೆದಿದೀನಲ್ಲ. ಟಾಪು ಉಬ್ಬಿದೆ. ಹಾರ್ಗ್ರೇವ್ ಕೂಪೆ ಕಾರು ಹಂಗಿರಲ್ಲ."

"ಡಬ್ಬಿಯಲ್ಲಿ ಬರೋ ಕಿಟ್ಟೇ ತಪ್ಪು ಸಾರ್. ಅದರಲ್ಲಿ ಟಾಪು ಹಿಂದುಗಡೆ ಕುಸಿದಿದೆ, ಯಾರೋ ಮೇಲೆ ಕೂತು ಎದ್ದ ಹಾಗೆ. ನಾನು ಅದನ್ನ ಸರಿ ಮಾಡಿದೀನಿ."

ಸರಿ ಮಾಡಿದ್ದು ಹನ್ನೊಂದು ತಿಂಗಳಲ್ಲಿ. ಟ್ರಾವಿಸ್ ಊರಾಚೆಯ ಗ್ಯಾರೇಜೊಂದರಲ್ಲಿ ಟಿಂಕರಿಂಗ್ ಕೆಲಸದವನು. ಹೋದ ವರ್ಷ ಅಲ್ಲಿಗೆ ನಿಜವಾದ ಹಾರ್ಗ್ರೇವ್ ಒಂದು ಬಾಗಿಲು ತಿದ್ದಿಸಿಕೊಳ್ಳಲು ಬಂದಿತ್ತು. ಮೂರು ದಿನ ಊಟದ ಹೊತ್ತಿನಲ್ಲಿ ಹಸಿದುಕೊಂಡೇ ಅದರ ಟಾಪಿಗೆ ರಟ್ಟು ಹಿಡಿದು, ಗೀಟು ಎಳೆದು, ಕತ್ತರಿಸಿ ಅಚ್ಚು ಮಾಡಿಕೊಂಡಿದ್ದ. ಆಮೇಲೆ ಗೇಣುದ್ದದ ಪ್ಲಾಸ್ಟಿಕ್ ಕಾರಿನ ಟಾಪು ಹೊತ್ತ ಕಂಬಗಳನ್ನು ಕೂದಲೆಳೆಯ ಗರಗಸದಲ್ಲಿ ಕೊಯ್ದು ಟಾಪನ್ನು ಹಿಂದುಗಡೆ ಒಂದೂಕಾಲು ಮಿಲಿಮೀಟರ್ ಮೇಲೆತ್ತಿದ. ಎರಡು ಕಿಟ್ ಮುರಿದವು. ಮೂರನೆಯದು ನಿಂತಿತು. ನಿನಗೆ ಕೆಲಸ ಬರುತ್ತೆ ಕಣೋ ಎಂದು ಈ ಹಾಲಿನಲ್ಲಿ ಒಬ್ಬನಾದರೂ ಹೇಳಲಿ ಎಂಬುದಷ್ಟೇ ಅವನ ಆಸೆ.

ಆಷ್‌ಬಿ ಈಗ ತಲೆ ಎತ್ತಿದ. "ಆ ಕಿಟ್ಟಿಗೆ ಅಳತೆ ತಗೊಂಡಿದ್ದು ಯಾರ ಕಾರಿಂದ ಗೊತ್ತಾ? ನನ್ನ ಕಾರಿಂದ. ಡಬ್ಬಿ ಮೇಲಿರೋ ಫೋಟೊನೂ ನನ್ನ ಕಾರೇ. ಹತ್ತನೇ ಕ್ಲಾಸಲ್ಲೂ ನಿನಗೂ ಅಳತೆಗೂ ಆಗಿಬರ್ತಿರಲಿಲ್ಲ. ಇನ್ನೂ ಹಂಗೇ ಇದೀಯ."

ಪಕ್ಕದಲ್ಲಿದ್ದವರು ನಕ್ಕರು. ಟ್ರಾವಿಸ್‌ಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಹತ್ತನೇ ಕ್ಲಾಸಿನಲ್ಲಿ ಮೇಷ್ಟ್ರಾಗಿದ್ದ ಇದೇ ಮನುಷ್ಯ ಕೋನಮಾಪಕವನ್ನು ಅವನ ಕೈಯಿಂದ ಕಿತ್ತುಕೊಂಡು, ನೀನು ಸುತ್ತಿಗೆ ಹಿಡಿಯೋಕೇ ಲಾಯಕ್ಕು ಎಂದಿದ್ದ. ಆ ವಾರವೇ ಟ್ರಾವಿಸ್ ಶಾಲೆ ಬಿಟ್ಟಿದ್ದ.

"ನಿಮ್ಮ ಕಾರು ಎಲ್ಲಿದೆ?"

"ಹೊರಗೆ ನಿಂತಿದೆ. ಹೋಗಿ ಕಣ್ಣು ತುಂಬಾ ನೋಡ್ಕೊ."

"ನೀವೂ ಬನ್ನಿ ಸಾರ್. ಎಲ್ಲರೂ ಬನ್ನಿ."

ಹತ್ತು ಹದಿನೈದು ಜನ ಕಾಫಿ ಲೋಟ ಹಿಡಿದುಕೊಂಡೇ ಹೊರಬಂದರು. ಮಧ್ಯಾಹ್ನದ ಬಿಸಿಲಿನಲ್ಲಿ ಹಸಿರು ಹಾರ್ಗ್ರೇವ್ ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ಟ್ರಾವಿಸ್ ತನ್ನ ಪಿಕಪ್ಪಿನಿಂದ ಬಾಗಿಲಗಲದ ರಟ್ಟಿನ ಅಚ್ಚನ್ನು ಇಳಿಸಿ ಕಾರಿನ ಟಾಪಿನ ಮೇಲೆ ಕೂರಿಸಿದ.

ಅದು ಕೂರಲಿಲ್ಲ. ಹಿಂದುಗಡೆ ರಟ್ಟಿಗೂ ಟಾಪಿಗೂ ನಡುವೆ ಎರಡು ಬೆರಳು ತೂರುವಷ್ಟು ಸಂದು. ನಿಜವಾದ ಕಾರೂ ಕಿಟ್ಟಿನ ಹಾಗೆಯೇ ಕುಸಿದಿತ್ತು.

"ಲೋ ಕೊವಾಚ್," ಎಂದ ಕ್ಲಬ್ಬಿನ ರಸ್, "ಅದು ನಿಮ್ಮಮ್ಮನ ಫ್ರಿಜ್ ಬಂದಿದ್ದ ರಟ್ಟು ಇರಬೇಕು ನೋಡೊ." ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬನ ಕಾಫಿ ಚೆಲ್ಲಿತು.

"ಸಾಕಾ?" ಎಂದ ಆಷ್‌ಬಿ. "ಈಗ ಒಳಗೆ ಹೋಗಿ ಎಲ್ಲರ ಎದುರು ತಪ್ಪಾಯ್ತು ಅನ್ನು. ನಾನೇನೂ ಮನಸಲ್ಲಿ ಇಟ್ಕೊಳಲ್ಲ."

ಟ್ರಾವಿಸ್ ಮಾತಾಡಿದ್ದರೆ ಕೈಯೂ ಏಳುತ್ತಿತ್ತು. ಅಚ್ಚನ್ನು ಎತ್ತಿ ಗಾಲಿಗೆ ಒರಗಿಸಿ, ಗ್ಯಾರೇಜಿನಲ್ಲಿ ದಿನಾ ಮಾಡುವಂತೆ ಒಂದು ಹೆಜ್ಜೆ ಹಿಂದೆ ಸರಿದು, ಮಂಡಿ ಬಗ್ಗಿಸಿ ಕಾರಿನ ಬಣ್ಣದೊಳಗೆ ಕಣ್ಣು ನೆಟ್ಟ. ಮೇಲಿನ ಕರೆಂಟು ತಂತಿಯ ಪ್ರತಿಬಿಂಬ ಬಾನೆಟ್ಟಿನ ಮೇಲೆ ಗೀಟು ಎಳೆದಂತೆ ನೇರವಾಗಿತ್ತು. ಟಾಪಿನ ಹಿಂಭಾಗಕ್ಕೆ ಬರುವಷ್ಟರಲ್ಲಿ ಹಾವಿನಂತೆ ಸೊಟ್ಟಗಾಗಿತ್ತು.

ಅವನ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ಟಿಂಕರಿಂಗ್ ಮಾಡುವವನ ಜೇಬಿನಲ್ಲಿ ಬೀಗದ ಕೈ ಇಲ್ಲದಿದ್ದರೂ ಒಂದು ಆಯಸ್ಕಾಂತದ ತುಂಡು ಇರುತ್ತದೆ. ಬಣ್ಣದ ಕೆಳಗೆ ಇರುವುದು ತಗಡೋ, ಹಳೆ ಪೆಟ್ಟು ಮುಚ್ಚಲು ಮೆತ್ತಿದ ಪುಟ್ಟಿಯೋ ಎಂದು ಅದು ಸುಳ್ಳಿಲ್ಲದೆ ಹೇಳುತ್ತದೆ.

"ಏಯ್, ಬಣ್ಣ ಗೀಚುತ್ತೆ," ಎಂದ ಆಷ್‌ಬಿ. ದನಿ ತುಸು ಸಣ್ಣದಾಗಿತ್ತು.

"ಬಟ್ಟೆ ಸುತ್ತಿದೆ ಸಾರ್."

ಬಾಗಿಲ ಮೇಲೆ ಇಟ್ಟ. ಟಕ್ಕೆಂದು ಕಚ್ಚಿತು. ಬಾನೆಟ್ಟಿನ ಮೇಲೆ ಇಟ್ಟ. ಅಲ್ಲೂ ಕಚ್ಚಿತು. ನಗು ಒಂದೊಂದಾಗಿ ನಿಂತಿತು.

"ಬೇಡ ಟ್ರಾವಿಸ್," ಎಂದ ಆಷ್‌ಬಿ, ಅವನಿಗಷ್ಟೇ ಕೇಳುವಂತೆ. ಶಾಲೆಯಲ್ಲಾಗಲಿ, ಇಲ್ಲಾಗಲಿ, ಆ ಮನುಷ್ಯ ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಟ್ರಾವಿಸ್ ಅವನ ಮುಖವನ್ನೇ ನೋಡುತ್ತ ಆಯಸ್ಕಾಂತವನ್ನು ಟಾಪಿನ ಹಿಂಭಾಗದ ಇಳಿಜಾರಿನ ಮೇಲಿಟ್ಟು ಬೆರಳು ತೆಗೆದ.

ಅದು ಜಾರಿತು. ನೆಲಕ್ಕೆ ಮಾತ್ರ ಬೀಳಲಿಲ್ಲ. ಅದು ಜಾರತೊಡಗುವ ಮೊದಲೇ, ಸರಿಯಾಗಿ ಅದು ಬೀಳುವ ಜಾಗದಲ್ಲಿ, ಆಷ್‌ಬಿಯ ಅಂಗೈ ಬಿಚ್ಚಿಕೊಂಡು ಕಾದಿತ್ತು.