ಚಿಲಕ ಹಾಕಿದ ಮೊಹರಂ

ರಾಣೆಬೆನ್ನೂರಿನ ಸ್ಟೇಷನ್ ರೋಡಿನಲ್ಲಿ ಯಾರಾದರೂ ಅಂಗಡಿಗೆ ಲೋಬಾನದ ಹೊಗೆ ಹಾಕಿದರೆ, ಈ ವಯಸ್ಸಿನಲ್ಲೂ ನನ್ನ ಕಾಲು ತಾನಾಗಿ ನಿಲ್ಲುತ್ತದೆ.

ಕಾನ್ವೆಂಟ್ ಹಾಸ್ಟೆಲಿನಿಂದ ಹಾಲಿಡೇಸಿಗೆಂದು ನಮ್ಮೂರು ಮೇಡ್ಲೇರಿಗೆ ಬಂದಿದ್ದೆ. ಪ್ರತಿ ಮೊಹರಮ್ಮಿಗೂ ಹಸ್ತದ ಆಕಾರದ ಪಂಜಾ ದೇವರನ್ನು ಹೊತ್ತ ಹುಸೇನಸಾಬರು ನಮ್ಮ ಮನೆಯ ಮುಂದೆ ನಿಲ್ಲುತ್ತಿದ್ದರು. ಅಜ್ಜಿ ಹರಕೆಯ ಸಕ್ಕರೆಯ ಮೇಲೆ ಅವರಿಂದ ಪ್ರಾರ್ಥನೆ ಓದಿಸಿ ನಮಗೆಲ್ಲ ಹಂಚುತ್ತಿದ್ದಳು. ಆ ವರ್ಷ ಮೊಹರಮ್ಮಿನ ಮಧ್ಯಾಹ್ನ ಅಪ್ಪ ಪೇಟೆಯಿಂದ ಬಂದವರೇ ಬಾಗಿಲಿಗೆ ಚಿಲಕ ಹಾಕಿದರು.

“ಸಾಕು ಬಿಡಬೇ ಯವ್ವಾ. ಇನ್ನ ಅವರ ದೇವರು ಅವರಿಗೆ, ನಮ್ಮ ದೇವರು ನಮಗ.”

ಹೊರಗೆ ಹಲಗೆಯ ಸದ್ದು ನಿಂತಿತು; ಬಾಗಿಲ ಸಂದಿಯಿಂದ ಲೋಬಾನದ ಹೊಗೆ ಒಳಗೆ ಬಂತು.

“ಅಕ್ಕಾರ, ಲಗೂ ಸಕ್ರಿ ತರ್ರಿ! ದೇವರಿಗೂ ಬಿಸಲು ಹತ್ತತೈತ್ರಿ!” ಹುಸೇನಸಾಬರ ದನಿಯಲ್ಲಿ ಇನ್ನೂ ನಗು ಇತ್ತು.

ಸಕ್ಕರೆಯ ತಟ್ಟೆ ಹಿಡಿದ ಅಜ್ಜಿ, ಊರೆಲ್ಲ ಗೌಡ್ರ ಎನ್ನುತ್ತಿದ್ದ ಅಪ್ಪನನ್ನು ಹೆಸರು ಹಿಡಿದು ಕರೆದಳು.

“ಫಕೀರಪ್ಪಾ, ಹುಟ್ಟಿದ ಕೂಸು ಒಂದೂ ಉಳೀಲಿಲ್ಲ ಅಂತ ಇದ ಪಂಜಾದ ಮುಂದ ಸೆರಗೊಡ್ಡಿ ನಿನ್ನ ಬೇಡಕೊಂಡೇನಿ. ಆ ಹೆಸರು ಯಾರ ಕೊಟ್ಟಿದ್ದು ಅನಕೊಂಡೀ?”

ಹೊರಗೆ ಸ್ವಲ್ಪ ಹೊತ್ತು ಕಾದು ಹಲಗೆ ಮತ್ತೆ ಶುರುವಾಯಿತು. ಅದು ಓಣಿ ದಾಟಿ ಕೇಳಿಸದಾಗುವವರೆಗೂ ಅಪ್ಪ ಚಿಲಕದ ಮೇಲೆ ಕೈಯಿಟ್ಟು, ತೆಗೆಯದೆ, ನಿಂತೇ ಇದ್ದರು.