ಗೆರೆಯಿರುವ ಗಾಜು

ಅಣ್ಣ ಸ್ಕ್ರೂಡ್ರೈವರ್ ತುದಿಯನ್ನು ದುರ್ಬೀನಿನ ಬಲಗಣ್ಣಿಗೆ ಇನ್ನೇನು ಊರಬೇಕು, ಅಷ್ಟರಲ್ಲಿ ತಂಗಿ ದುರ್ಬೀನನ್ನೇ ಮುಷ್ಟಿಯಲ್ಲಿ ಬಿಗಿಹಿಡಿದುಬಿಟ್ಟಳು. "ಮೊದಲು ನನ್ನ ಬೆರಳು ಬಿಚ್ಚಿಸು, ಆಮೇಲೆ ಇದನ್ನ ಬಿಚ್ಚುವೆಯಂತೆ!"

ಅಣ್ಣನದು ಕನ್ನಡಕದ ಅಂಗಡಿ. ತಂಗಿಗೆ ಹಳೇ ಯುದ್ಧದ ಜರ್ಮನ್ ದುರ್ಬೀನುಗಳ ಹುಚ್ಚು. ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳ ಕಪಾಟು ತುಂಬ ಅವೇ. ಯಾವನೋ ಸಿಪಾಯಿಯ ಹೆಬ್ಬೆರಳು ಉಜ್ಜಿ ಉಜ್ಜಿ ಬಣ್ಣ ಸವೆದ ಜಾಗಕ್ಕೂ ಅವಳು ಪಾಲಿಶ್ ಸೋಕಿಸಿದವಳಲ್ಲ.

"ಕೊಲ್ಲೋರ ಸಾಮಾನು ಕಟ್ಕೊಂಡು ಏನು ಮಾಡ್ತೀಯೇ? ಗುರಿ ಅಳೆಯೋ ಗೆರೆ ಇರೋ ಈ ಗಾಜು ತೆಗೆದು ಬೇರೆ ಹಾಕಿಕೊಡ್ತೀನಿ. ಹಕ್ಕಿ ನೋಡೋಕಾದ್ರೂ ಆಗುತ್ತೆ," ಎಂದ ಅಣ್ಣ. ಅವನು ಒಳ್ಳೇದಕ್ಕೇ ಹೇಳುತ್ತಿದ್ದ. ಅವಳ ಮೈ ಉರಿದದ್ದೂ ಅದಕ್ಕೇ. "ತೆಗೆಯೋ ಮುಂಚೆ ಒಂದ್ಸಲ ನೋಡು," ಎಂದು ದುರ್ಬೀನನ್ನು ಅವನ ಮೂಗಿಗೇ ಹಿಡಿದಳು.

ಅವನು ಕಿಟಕಿಯಾಚೆ ತಿರುಗಿಸಿದ. ಎದುರು ಮಾಳಿಗೆಯಲ್ಲಿ ಅತ್ತಿಗೆ ಬಟ್ಟೆ ಒಣಹಾಕುತ್ತಿದ್ದಳು. ಗಂಡನನ್ನು ಕಂಡವಳೇ ನಗುತ್ತಾ ಒದ್ದೆ ಟವೆಲನ್ನೇ ಬೀಸಿದಳು. ಅಣ್ಣ ತಿರುಗಿ ಕೈ ಬೀಸಲಿಲ್ಲ.

"ಗೆರೆ ಸರಿಯಾಗಿ ಅವಳ ಎದೆ ಮೇಲೇ ಕೂತಿದೆ ಕಣೇ."

ತಂಗಿ ದುರ್ಬೀನನ್ನು ಕಿತ್ತುಕೊಂಡಳು. ಸ್ಕ್ರೂಡ್ರೈವರನ್ನೂ ಕಿತ್ತುಕೊಂಡು ಎರಡನ್ನೂ ಕಪಾಟಿನೊಳಗಿಟ್ಟು ಬೀಗ ಜಡಿದಳು.

"ಆವತ್ತು ಆ ಸಿಪಾಯಿ ಇದರಲ್ಲಿ ನೋಡಿದಾಗಲೂ ಯಾರೋ ಹೀಗೇ ಬಟ್ಟೆ ಒಣಹಾಕ್ತಿದ್ದಿರಬೇಕು. ನೀನು ಗೆರೆ ತೆಗೆದ್ರೆ ನೋಡೋರಿಗೆ ಬರೀ ಹಕ್ಕಿ ಕಾಣುತ್ತೆ, ಅಣ್ಣ."